ಅಲಸಂಡೆಗೆ ಹಾಕಿದ ಬೂದಿ

1998ರ ಜನವರಿ 15, ಗುರುವಾರ ಬೆಳಿಗ್ಗೆ ಏಳೂವರೆಗೆ ನನ್ನ ಸೋದರಮಾವ ನಮ್ಮ ಅಂಗಳದಾಚೆಗಿನ ಅಲಸಂಡೆ ಚಪ್ಪರವನ್ನು ಕಿತ್ತು ಸುಟ್ಟರು. ಬಳ್ಳಿಗಳು ಹದಿನಾರು ಇದ್ದವು. ಹಸಿ ಬಳ್ಳಿ ಉರಿಯಲೆಂದು ಅವರು ತೆಂಗಿನ ಒಣಗರಿ ಹೊದೆಸಿದ್ದರು. ಬೀಜಕ್ಕೆ ಬಿಟ್ಟಿದ್ದ ಕೋಡುಗಳಿಗೆ ಅಮ್ಮ ಕೆಂಪು ನೂಲು ಕಟ್ಟಿದ್ದರು. ಅವೂ ಬೆಂಕಿಗೆ ಹೋದವು. ಆ ಹೊತ್ತಿಗೆ ಅಮ್ಮ ಮಂಗಳೂರಿನ ಆಸ್ಪತ್ರೆಯಲ್ಲಿದ್ದರು. ನಾನು ಅವರ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ.

ಸುಡಲು ಕಾರಣ ಎಲೆಗಳ ಮೇಲೆ ಬಿದ್ದಿದ್ದ ಬೂದಿ. ಅದನ್ನು ಹಾಕಿದವರು ಪಕ್ಕದ ಮನೆಯ ಮಾಮಿ. ಹಾಕಲು ಹೇಳಿದವನು ನಾನು.

ನಮ್ಮ ಮನೆ ಇದ್ದದ್ದು ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ರಸ್ತೆಯಿಂದ ಎರಡು ಫರ್ಲಾಂಗು ಒಳಗೆ. ಅಂಗಳ ಇಳಿದರೆ ತರಕಾರಿ ಮಡಿ, ಅದರಾಚೆ ಬೇಲಿ, ಬೇಲಿಯ ಆಚೆ ಮಾಮಿಯ ಮನೆಯ ಹಿತ್ತಿಲು. ಬೇಲಿಯ ನಡುವೆ ಎರಡು ಕವೆಗೋಲು ನೆಟ್ಟು ಮಾಡಿದ ತಡಮೆ ಇತ್ತು. ದನ ದಾಟಬಾರದು, ಮನುಷ್ಯರು ದಾಟಬಹುದು, ಅಷ್ಟೇ ಅಗಲ. ಮಾಮಿ ಬ್ಯಾರಿ ಮುಸ್ಲಿಂ ಕುಟುಂಬದವರು. ಗಂಡನಿಗೆ ಬಂಟ್ವಾಳ ಪೇಟೆಯಲ್ಲಿ ಒಣಮೀನಿನ ಅಂಗಡಿ ಇತ್ತು. ಅವರು ತೀರಿಕೊಂಡ ಮೇಲೆ ಮಗ ಸೌದಿಗೆ ಹೋದ. ನನ್ನ ಅಪ್ಪ ತೀರಿಕೊಂಡದ್ದು ಅದಕ್ಕೂ ಮೊದಲು. ಅಮ್ಮ ಮತ್ತು ಮಾಮಿ ಇಪ್ಪತ್ತೆರಡು ವರ್ಷ ಆ ತಡಮೆಯನ್ನು ದಿನಕ್ಕೆ ಎರಡು ಬಾರಿಯಾದರೂ ದಾಟಿದವರು. ಇಬ್ಬರೂ ಮಾತಾಡುತ್ತಿದ್ದದ್ದು ತುಳು. ಮಾಮಿ ಅಮ್ಮನನ್ನು ಅಕ್ಕ ಎನ್ನುತ್ತಿದ್ದರು. ಅಮ್ಮ ಅವರನ್ನು ಮಾರಾಯ್ತಿ ಎಂಬುದನ್ನು ಬಿಟ್ಟು ಬೇರೆ ಏನಾದರೂ ಕರೆದದ್ದನ್ನು ನಾನು ಕೇಳಿಲ್ಲ.

ಅಲಸಂಡೆಯ ಬೀಜ ಮಾಮಿ ಕೊಟ್ಟದ್ದು. ಅವರಿಗೆ ಅದು ತಾಯಿಯ ಮನೆಯಿಂದ, ಶಿರ್ತಾಡಿ ಕಡೆಯಿಂದ, ಬಂದಿತ್ತು. ಕೋಡು ಮೊಳದುದ್ದ, ತುದಿ ನೇರಳೆ. ಬೀಜ ಕೊಟ್ಟವರಿಗೆ ಮೊದಲ ಕೊಯ್ಲು ಕೊಡಬೇಕು ಎನ್ನುವುದು ನಮ್ಮ ಕಡೆಯ ರೂಢಿ. ಪ್ರತಿ ವರ್ಷ ಮೊದಲ ಹಿಡಿ ಕೋಡು ಒಂದು ಸ್ಟೀಲಿನ ಡಬ್ಬಿಯಲ್ಲಿ ತಡಮೆ ದಾಟಿ ಹೋಗುತ್ತಿತ್ತು. ಇನ್ನೊಂದು ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಕಳಿಸಬಾರದು ಎನ್ನುವುದೂ ರೂಢಿ. ಆ ಡಬ್ಬಿ ಹಿಂದೆ ಬರುವಾಗ ಅದರ ತುಂಬ ಬೂದಿ ಇರುತ್ತಿತ್ತು.

ಬೂದಿಗೆ ಕಾರಣವಿತ್ತು. ಡಿಸೆಂಬರ್ ಕೊನೆಗೆ, ಬೆಳಗಿನ ಮಂಜು ಗದ್ದೆಯ ಮೇಲೆ ನಿಲ್ಲತೊಡಗಿದಾಗ, ಅಲಸಂಡೆಗೆ ಹೇನು ಹಿಡಿಯುತ್ತದೆ. ಸಾಸಿವೆಗಿಂತ ಸಣ್ಣ ಕರಿಯ ಕೀಟ. ಕುಡಿಯಲ್ಲಿ, ಹೂವಿನ ತೊಟ್ಟಿನಲ್ಲಿ, ಎಳೆ ಕೋಡಿನ ಮೈಮೇಲೆ ಒತ್ತೊತ್ತಾಗಿ ಕೂತು ರಸ ಹೀರುತ್ತದೆ. ಹೂ ಉದುರುತ್ತದೆ, ಕೋಡು ಮುರುಟುತ್ತದೆ, ಎಲೆ ಅಂಟಂಟಾಗುತ್ತದೆ. ಅಂಗಡಿಯಲ್ಲಿ ಮದ್ದು ಸಿಗುತ್ತಿತ್ತು. ನಾಳೆ ಕೊಯ್ದು ತಿನ್ನುವುದಕ್ಕೆ ಇವತ್ತು ವಿಷ ಹೊಡೆಯುವುದು ಅಮ್ಮನಿಗೆ ಒಪ್ಪಿಗೆ ಇರಲಿಲ್ಲ. ಬೂದಿ ಹಾಕುವ ಕ್ರಮ ಅವರಿಗೆ ಮಾಮಿಯಿಂದ ಬಂದದ್ದು. ಬಿಸಿಲು ಬೀಳುವ ಮೊದಲು, ಎಲೆಯ ಮೇಲೆ ಇಬ್ಬನಿ ಇರುವಾಗಲೇ ಹಾಕಬೇಕು. ಇಬ್ಬನಿ ಆರಿದರೆ ಬೂದಿ ನಿಲ್ಲುವುದಿಲ್ಲ. ಮೂರು ಬೆಳಿಗ್ಗೆ ಹಾಕಬೇಕು, ಮೂರು ಬೆಳಿಗ್ಗೆ ಬಿಡಬೇಕು. ಬಿಡುವುದು ಗುಲಗಂಜಿ ಹುಳುವಿಗಾಗಿ. ಅದರ ಮರಿ ಮೊಸಳೆಯ ಹಾಗೆ ಕಾಣುತ್ತದೆ, ಮೈಮೇಲೆ ಕಿತ್ತಳೆ ಚುಕ್ಕೆ. ಒಮ್ಮೆ ನಾನು ಅದನ್ನು ಬೆರಳಿನಲ್ಲಿ ಹೊಸಕಿ ಹಾಕಿದ್ದೆ.

“ಅಯ್ಯೋ, ಕೆಲಸದವರನ್ನೇ ಕೊಂದೆಯಲ್ಲ ಮಾರಾಯ,” ಎಂದಿದ್ದರು ಮಾಮಿ. “ಹೇನು ತಿನ್ನುವುದು ಅದೇ. ಸಂಬಳ ಇಲ್ಲ, ಊಟ ನಮ್ಮದಲ್ಲ, ಇನ್ನೆಂತ ಬೇಕು ನಿಂಗೆ?”

ನಮ್ಮ ಮನೆಗೆ 1995ರಲ್ಲಿ ಗ್ಯಾಸ್ ಬಂದಿತ್ತು. ತಂದವನು ನಾನೇ. ಅಡುಗೆಯ ಒಲೆ ಆರಿತು. ಬಚ್ಚಲಿನ ಹಂಡೆಯ ಒಲೆ ಉಳಿಯಿತು, ಆದರೆ ಅದಕ್ಕೆ ನಾವು ಕೈಗೆ ಸಿಕ್ಕಿದ್ದನ್ನೆಲ್ಲ ತುರುಕುತ್ತಿದ್ದೆವು. ಅದರ ಬೂದಿ ಒರಟು, ಎಲೆ ಸುಡುತ್ತದೆ ಎನ್ನುವುದು ಅಮ್ಮನ ಅಭಿಪ್ರಾಯ. ಮಾಮಿ ಅಡುಗೆಗೆ ತೆಂಗಿನ ಚಿಪ್ಪು ಮತ್ತು ಒಣ ಸೌದೆ ಮಾತ್ರ ಉರಿಸುತ್ತಿದ್ದರು. ಜರಡಿ ಹಿಡಿದರೆ ಅವರ ಬೂದಿ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಮಗ ಸೌದಿಯಿಂದ ತಂದಿದ್ದ ಹಾಲಿನ ಪುಡಿಯ ದೊಡ್ಡ ಡಬ್ಬಿಯೊಂದರ ಮುಚ್ಚಳಕ್ಕೆ ಅವರು ಮೊಳೆಯಿಂದ ತೂತು ಹೊಡೆದಿದ್ದರು. ಬೂದಿ ಉದುರಿಸಲು ಎರಡೂ ಮನೆಗೆ ಅದೊಂದೇ ಡಬ್ಬಿ.

ಜನವರಿ 9ರಂದು ಅಮ್ಮನಿಗೆ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಯಾಯಿತು. ನಾನು ಮಂಗಳೂರಿನ ಒಂದು ಪತ್ರಿಕೆಗೆ ಬಂಟ್ವಾಳದಿಂದ ವರದಿ ಮಾಡುತ್ತಿದ್ದೆ. ಹಗಲು ಕೆಲಸ, ಉಳಿದ ಹೊತ್ತು ಆಸ್ಪತ್ರೆ. ಮನೆ ನೋಡಿಕೊಳ್ಳಲು ಬೆಳ್ತಂಗಡಿ ಕಡೆಯಿಂದ ಮಾವ ಬಂದಿದ್ದರು. ನಮ್ಮದು ಅಳಿಯಕಟ್ಟಿನ ಕುಟುಂಬ. ಯಜಮಾನಿಕೆ ತಾಯಿಯ ಅಣ್ಣನದು, ಅವರ ಮಾತಿನ ಮೇಲೆ ಮಾತಿಲ್ಲ. ಮಾವನಿಗೆ ತಂಗಿ ಎಂದರೆ ಜೀವ. ಶಸ್ತ್ರಚಿಕಿತ್ಸೆಯ ದಿನ ಅವರು ಊಟ ಮಾಡಿರಲಿಲ್ಲ.

ಭಾನುವಾರ ಸಂಜೆ ಬಟ್ಟೆ ತೆಗೆದುಕೊಂಡು ಹೋಗಲು ಬಂದಾಗ ನಾನು ಮಡಿ ನೋಡಿದೆ. ಹೇನು ಹತ್ತಿತ್ತು. ತಡಮೆಯ ಹತ್ತಿರ ಹೋಗಿ ಮಾಮಿಯನ್ನು ಕರೆದೆ.

“ಮಾಮಿ, ಅಮ್ಮ ಬರುವಷ್ಟರಲ್ಲಿ ಈ ಬಳ್ಳಿ ಹೋಗ್ತದೆ. ನಾಳೆಯಿಂದ ಸ್ವಲ್ಪ ಬೂದಿ ಹಾಕಬಹುದಾ?”

“ಅದು ನೀನು ಹೇಳ್ಬೇಕಾ? ನೋಂಬು ಅಲ್ವಾ, ಮೂರೂವರೆಗೆ ಏಳ್ತೇನೆ ನಾನು. ಇಬ್ಬನಿಗಿಂತ ಮೊದಲು ನಾನೇ ಉಂಟು. ನೀನು ಅಕ್ಕನನ್ನು ನೋಡು.”

ರಂಜಾನ್ ಉಪವಾಸದ ತಿಂಗಳು ನಡೆಯುತ್ತಿತ್ತು. ಮಾವ ಆಗ ಸ್ನಾನಕ್ಕೆ ಹೋಗಿದ್ದರು. ಅವರಿಗೆ ಈ ವಿಷಯ ಹೇಳಬೇಕು ಎಂದು ನನಗೆ ಹೊಳೆಯಲಿಲ್ಲ. ಕೊನೆಯ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಹೊರಟುಬಿಟ್ಟೆ.

ಮುಂದಿನ ನಾಲ್ಕು ದಿನ ನಾನು ಮನೆಯಲ್ಲಿರಲಿಲ್ಲ. ಮಾವ ಆಗ ಹೇಳಿದ್ದನ್ನೂ ಮಾಮಿ ಎಂಟು ವರ್ಷಗಳ ಬಳಿಕ ಹೇಳಿದ್ದನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಎರಡು ಹೇಳಿಕೆಗಳಲ್ಲಿ ವ್ಯತ್ಯಾಸವಿಲ್ಲ.

ಸೋಮವಾರ ಬೆಳಿಗ್ಗೆ ಮಾಮಿ ಬೂದಿ ಹಾಕಿದರು, ಯಾರೂ ನೋಡಲಿಲ್ಲ. ಮಂಗಳವಾರ ಬೆಳಿಗ್ಗೆ ಆರಕ್ಕೆ ಮಾವ ಹಲ್ಲುಜ್ಜುತ್ತ ಅಂಗಳಕ್ಕೆ ಬಂದಾಗ, ತಲೆಗೆ ಬಟ್ಟೆ ಸುತ್ತಿದ ಹೆಂಗಸೊಬ್ಬರು ನಮ್ಮ ಮಡಿಯಲ್ಲಿ ಬಳ್ಳಿಯಿಂದ ಬಳ್ಳಿಗೆ ಸಾಗುತ್ತ ಏನನ್ನೋ ಉದುರಿಸುವುದು ಕಂಡಿತು.

“ಯಾರದು?”

“ನಾನು, ಯಜಮಾನ್ರೇ. ಪಕ್ಕದ ಮನೆ.”

“ಎಂತ ಹಾಕುವುದು ಅದು?”

“ಬೂದಿ.”

“ನಮ್ಮ ಜಾಗೆಗೆ ನಿಮ್ಮ ಬೂದಿ ಯಾಕೆ?”

“ಮೂರು ದಿನ ಹಾಕ್ಬೇಕು. ನಾಳೆ ಒಂದು ದಿನ ಬಾಕಿ ಉಂಟು.”

ಮಾವನ ಊರಿನಲ್ಲಿ ಅಲಸಂಡೆಗೆ ಬೂದಿ ಹಾಕುವ ಕ್ರಮ ಇರಲಿಲ್ಲ. ಬೇರೆ ಮನೆಯ ಒಲೆಯ ಬೂದಿ ಗಡಿ ದಾಟಿ ಬಂದರೆ ಅದಕ್ಕೆ ಒಂದೇ ಅರ್ಥ, ಮಾಟ, ಎಂದು ಅವರು ಕೇಳಿ ಬೆಳೆದಿದ್ದರು. ಮಾಮಿ ಹೇನಿನ ಮಾತೆತ್ತಲಿಲ್ಲ. ಕೃಷಿಕನಿಗೆ ಅದನ್ನು ವಿವರಿಸಬೇಕಾಗುತ್ತದೆ ಎಂದು ಅವರಿಗೆ ಅನಿಸಲಿಲ್ಲ. ಮಾವ ಬೇರೇನೂ ಕೇಳದೆ ಒಳಗೆ ಹೋದರು.

ಅದೇ ಸಂಜೆ ಅಮ್ಮನಿಗೆ ಜ್ವರ ಏರಿತು. ಗಾಯದಲ್ಲಿ ಕೀವು ಆಗಿದೆ ಎಂದರು ವೈದ್ಯರು. ನಾನು ಎಸ್‌ಟಿಡಿ ಬೂತಿನಿಂದ ರಸ್ತೆಬದಿಯ ಅಂಗಡಿಗೆ ಫೋನ್ ಮಾಡಿ ಮಾವನಿಗೆ ಸುದ್ದಿ ಮುಟ್ಟಿಸಿದೆ. ಬುಧವಾರ ಸಂಕ್ರಾಂತಿ. ಬೆಳಿಗ್ಗೆ ಮಾಮಿ ಮೂರನೆಯ ಬಾರಿ ಬೂದಿ ಹಾಕುವುದನ್ನು ಮಾವ ಜಗಲಿಯಲ್ಲಿ ನಿಂತು ನೋಡಿದರು. ಮಾಮಿ ಡಬ್ಬಿಯನ್ನು ಎಂದಿನಂತೆ ಚಪ್ಪರದ ಕಂಬದ ಬುಡದಲ್ಲಿಟ್ಟು ಹೋದರು. ಮಾವ ಅದನ್ನು ಚೀಲಕ್ಕೆ ಹಾಕಿಕೊಂಡು, ಬಸ್ಸು ಹಿಡಿದು, ಮಡಂತ್ಯಾರಿನಲ್ಲಿ ಇಳಿದು, ತಮಗೆ ನಂಬಿಕೆ ಇದ್ದ ಒಬ್ಬ ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿದರು. ಮುಚ್ಚಳಕ್ಕೆ ತೂತುಗಳಿದ್ದ ಡಬ್ಬಿ, ಒಳಗೆ ಬೂದಿ, ಮೂರು ದಿನದ ಲೆಕ್ಕ, ತಂಗಿಗೆ ಜ್ವರ. ಅಲ್ಲಿ ಸಿಕ್ಕಿದ ಉತ್ತರ ಹೀಗಿತ್ತು: ಬೂದಿ ಬಿದ್ದ ಗಿಡ ಸುಡಬೇಕು, ಡಬ್ಬಿ ಹರಿಯುವ ನೀರಿಗೆ ಬಿಡಬೇಕು, ಒಂದು ವರ್ಷ ಆ ಮನೆಯೊಂದಿಗೆ ಮಾತು, ಬೆಂಕಿ, ಬೂದಿ, ಅನ್ನದ ಕೊಡುಕೊಳ್ಳುವಿಕೆ ಇರಬಾರದು. ಮಾವ ಕುಟುಂಬದ ದೈವದ ಮುಂದೆ ಇದನ್ನೆಲ್ಲ ಪಾಲಿಸುವುದಾಗಿ ತಂಗಿಯ ಪರವಾಗಿ ಹರಕೆ ಹೇಳಿದರು.

ಗುರುವಾರ ಬೆಳಿಗ್ಗೆ ಚಪ್ಪರ ಕೀಳುವಾಗ ಮಾಮಿ ತಡಮೆಯ ಹತ್ತಿರ ಬಂದು ನಿಂತರು.

“ಬೀಜದ್ದಾದರೂ ಬಿಡಿ ಯಜಮಾನ್ರೇ,” ಎಂದರು. “ಕೆಂಪು ನೂಲು ಕಟ್ಟಿದ್ದು ಬೀಜದ್ದು.”

ಕೆಂಪು ನೂಲು ಮಾವನನ್ನು ಇನ್ನಷ್ಟು ಹೆದರಿಸಿತು. ಅದನ್ನು ಕಟ್ಟಿದವರು ಅಮ್ಮ ಎಂದು ಅವರಿಗೆ ಗೊತ್ತಿರಲಿಲ್ಲ.

“ಇನ್ನು ಈ ಬದಿಗೆ ಕಾಲಿಡ್ಬೇಡಿ. ನನ್ನ ತಂಗಿ ಅಲ್ಲಿ ಸಾಯ್ತಾ ಇದ್ದಾಳೆ. ನಿಮಗೆ ಅವಳೆಂತ ಮಾಡಿದ್ದಳು?”

ರಸ್ತೆಗೆ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಮಾಮಿ ಒಳಗೆ ಹೋದರು.

ಮಧ್ಯಾಹ್ನ ಮಾವ ಪಾಣೆಮಂಗಳೂರಿನ ಸೇತುವೆಯಿಂದ ಡಬ್ಬಿಯನ್ನು ನೇತ್ರಾವತಿಗೆ ಬಿಟ್ಟು ಆಸ್ಪತ್ರೆಗೆ ಬಂದರು. ಜ್ವರ ಆ ದಿನ ಬೆಳಿಗ್ಗೆ ಇಳಿದಿತ್ತು. ಔಷಧಿ ಹಿಂದಿನ ದಿನ ಮಧ್ಯಾಹ್ನ ಬದಲಾಗಿತ್ತು. ಅವರು ನನ್ನನ್ನು ವರಾಂಡಕ್ಕೆ ಕರೆದು ನಡೆದದ್ದನ್ನೆಲ್ಲ ಹೇಳಿದರು. ಮುಖದಲ್ಲಿ ನೆಮ್ಮದಿ ಇತ್ತು.

“ಮಾವ, ಅದು ಹೇನಿಗೆ ಹಾಕಿದ್ದು,” ಎಂದೆ. “ನಾನೇ ಹಾಕ್ಲಿಕ್ಕೆ ಹೇಳಿದ್ದು.”

“ಹೇನಿಗೆ ಬೂದಿಯಾ?”

“ಹೌದು.”

“ಅಂಗಡಿಯಲ್ಲಿ ಮದ್ದು ಸಿಗ್ತದಲ್ಲ ಮಾರಾಯ!”

“ಅಮ್ಮ ಅದನ್ನು ಹೊಡೆಯುವುದಿಲ್ಲ.”

ಮಾವ ಬೆಂಚಿನ ಮೇಲೆ ಕೂತರು. “ಹರಕೆ ಹೇಳಿ ಆಯ್ತು. ಈಗ ದೈವಕ್ಕೆ ಎಂತ ಹೇಳಲಿ? ತಪ್ಪಾಯ್ತು, ಹೇನಂತೆ ಅಂತಲಾ? ಅವಳ ಜ್ವರ ಬಿಟ್ಟಿದೆ. ಇನ್ನು ಹರಕೆ ಮುರಿದು ಏನಾದರೂ ಆದರೆ ನೀನು ಜವಾಬ್ದಾರಿಯಾ?”

ನನ್ನ ಕೆಲಸದಲ್ಲಿ ಒಂದು ನಿಯಮ ಇತ್ತು. ಜಗಳದ ಸುದ್ದಿ ಬರೆಯುವ ಮೊದಲು ಎರಡೂ ಕಡೆಯವರ ಮಾತು ಕೇಳಬೇಕು. ಗಡಿಯ ತಕರಾರು, ದಾರಿಯ ತಕರಾರು, ಬಾವಿಯ ತಕರಾರು, ಎಲ್ಲದರಲ್ಲೂ ನಾನು ಅದನ್ನು ಪಾಲಿಸಿದ್ದೇನೆ. ಆ ವಾರ ಮಾಮಿಯ ಮನೆಗೆ ನಾನು ಹೋಗಲಿಲ್ಲ. ಅಮ್ಮ ಬಂದು ಸರಿಮಾಡುತ್ತಾರೆ, ಎರಡು ದಿನದ ಮಾತು ಎಂದುಕೊಂಡೆ.

ಅಮ್ಮ ಮನೆಗೆ ಬಂದದ್ದು ಜನವರಿ 20ಕ್ಕೆ. ಕಾರಿನಿಂದ ಇಳಿದು ಮೊದಲು ಮಡಿಯ ಕಡೆ ನೋಡಿದರು. ನಾನು ಎಲ್ಲವನ್ನೂ ಹೇಳಿದೆ. ಸಂಜೆ ಅವರು ಹೊಟ್ಟೆ ಹಿಡಿದುಕೊಂಡು ನಿಧಾನ ಇಳಿದು ಹೋಗಿ ಸುಟ್ಟ ಜಾಗದ ಅಂಚಿನಲ್ಲಿ ಕೋಲಿನಿಂದ ಕೆದಕಿದರು. ಗರಿಯ ಬುಡದಲ್ಲಿ ಎರಡು ಕೋಡು ಅರ್ಧ ಸುಟ್ಟು ಉಳಿದಿದ್ದವು. ಬಿಡಿಸಿದಾಗ ಏಳು ಬೀಜ ಸಿಕ್ಕಿದವು.

“ನಾನು ಹೋಗಿ ಮಾಮಿಗೆ ಹೇಳ್ತೇನೆ,” ಎಂದೆ.

“ಬೇಡ. ನೀನು ಹೇಳಿದರೆ ಪೇಪರಿನವ ಬಂದು ಹೇಳಿದ ಹಾಗೆ ಆಗ್ತದೆ. ಅಣ್ಣ ನನ್ನ ತಲೆಯ ಮೇಲೆ ಹರಕೆ ಹೇಳಿದ್ದಾನೆ. ವರ್ಷ ಮುಗಿಯಲಿ. ನಾನೇ ಹೋಗ್ತೇನೆ, ಮೊದಲ ಕೊಯ್ಲು ಹಿಡ್ಕೊಂಡು ಹೋಗ್ತೇನೆ. ಖಾಲಿ ಕೈಯಲ್ಲಿ ಹೋಗಿ ಎಂತ ಹೇಳುವುದು?”

ಹರಕೆಯ ವಿಷಯ ಮಾಮಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಇಷ್ಟು: ಆಸ್ಪತ್ರೆಯಿಂದ ಬಂದ ಅಕ್ಕ ಬೇಲಿಯ ಕಡೆ ಮುಖ ಹಾಕಲಿಲ್ಲ.

ಫೆಬ್ರವರಿಯಲ್ಲಿ ನಾನು ಪತ್ರಿಕೆಯ ಕೃಷಿ ಪುಟಕ್ಕೆ ಗಿಡಹೇನಿಗೆ ಒಲೆಬೂದಿ ಹಾಕುವ ಬಗ್ಗೆ ಹನ್ನೆರಡು ಸಾಲು ಬರೆದೆ. ಅಚ್ಚಾದದ್ದನ್ನು ಕತ್ತರಿಸಿ ಮಾವನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

“ನೀನೇ ಬರೆದದ್ದಲ್ವಾ ಇದು?”

“ಹೌದು.”

“ಮತ್ತೆ? ನೀನೇ ಬರೆದು ನೀನೇ ತೋರಿಸಿದರೆ ಸಾಕ್ಷಿ ಆಗ್ತದಾ ಮಾರಾಯ?”

ಆ ವರ್ಷ ತಡಮೆ ದಾಟಿದವರಿಲ್ಲ. ಮಳೆಗಾಲದಲ್ಲಿ ಅದರ ನಡುವೆ ಹುಲ್ಲು ಬೆಳೆಯಿತು.

ನವೆಂಬರಿನಲ್ಲಿ ಅಮ್ಮ ಏಳು ಬೀಜ ಬಿತ್ತಿದರು. ಐದು ಮೊಳೆತವು. ಒಂದನ್ನು ಕೋಳಿ ಕೆದರಿತು. ನಾಲ್ಕು ಬಳ್ಳಿಗಳಿಗೆ ನಾಲ್ಕು ಕೋಲು. ಡಿಸೆಂಬರ್ ಮೂರನೆಯ ವಾರ ಹೇನು ಬಂತು. ಅದುವರೆಗೆ ಹೇನು ಎಂದರೆ ಪ್ರತಿ ವರ್ಷ ಬಂದು ಹೋಗುವ ಕಾಟ. ಈ ಬಾರಿ ಅಮ್ಮ ನಿದ್ದೆಗೆಟ್ಟರು.

ಮೊದಲು ಬಚ್ಚಲಿನ ಬೂದಿಯನ್ನು ಹಳೆಯ ಪಂಚೆಯಲ್ಲಿ ಸೋಸಿ ಒಂದು ಬಳ್ಳಿಗೆ ಹಾಕಿ ನೋಡಿದರು. ಎರಡು ದಿನದಲ್ಲಿ ಎಳೆ ಎಲೆಯ ಅಂಚು ಕಂದಿತು. ನಿಲ್ಲಿಸಿದರು. ಹೇನು ಗಟ್ಟಿಯಾಗಿ ಹಿಡಿದ ಕುಡಿಗಳನ್ನು ಚಿವುಟಿ ಸಾಬೂನು ನೀರಿನ ಬಾಲ್ದಿಗೆ ಹಾಕಿದರು. ಅಂಟುವಾಳದ ಕಾಯಿ ನೆನೆಸಿ, ಕಿವುಚಿ, ನೊರೆ ನೀರನ್ನು ಎಲೆಯ ಅಡಿಗೆ ತಾಗುವ ಹಾಗೆ ಚಿಮುಕಿಸಿದರು. ಯಾರೋ ಹೊಗೆಸೊಪ್ಪಿನ ಕಷಾಯ ಹೇಳಿದರು. ಅದು ಗುಲಗಂಜಿ ಹುಳುವನ್ನೂ ಬಿಡುವುದಿಲ್ಲ ಎಂದು ಅಮ್ಮ ಒಪ್ಪಲಿಲ್ಲ. ಕುಚ್ಚಲಕ್ಕಿಯ ಗಂಜಿ ತಿಳಿಯನ್ನು ಇನ್ನೂ ತೆಳ್ಳಗೆ ಮಾಡಿ ಬೆಳಿಗ್ಗೆ ಚಿಮುಕಿಸಿದಾಗ ಸ್ವಲ್ಪ ಫಲ ಕಂಡಿತು. ಬಿಸಿಲಿಗೆ ಗಂಜಿ ಒಣಗಿ ಹೊಪ್ಪಳೆಯಾಗಿ ಏಳುವಾಗ ಅದಕ್ಕೆ ಅಂಟಿ ಹೇನೂ ಉದುರುತ್ತಿತ್ತು. ಕೋಲುಗಳ ಬುಡಕ್ಕೆ ಹರಳೆಣ್ಣೆಯ ಬಟ್ಟೆ ಸುತ್ತಿ ಇರುವೆಯ ದಾರಿ ಕಟ್ಟಿದರು. ಇರುವೆ ಇದ್ದಲ್ಲಿ ಹೇನು ಹೆಚ್ಚು. ಹೇನಿನ ಸಿಹಿಗಾಗಿ ಇರುವೆ ಅದನ್ನು ಕಾಯುತ್ತದೆ, ಗುಲಗಂಜಿ ಹುಳುವನ್ನು ಓಡಿಸುತ್ತದೆ. ಇಷ್ಟೆಲ್ಲ ಆದ ಮೇಲೂ ಉಳಿದದ್ದನ್ನು ಬೆರಳಿನಿಂದ ಒರೆಸಿದರು. ಕೈ ಎಂಟು ದಿನ ಹಸಿರು ಕಪ್ಪಾಗಿತ್ತು.

ಬೇಲಿಯಾಚೆ ಮಾಮಿಯ ಅಡುಗೆಮನೆಯ ಹೊಗೆ ದಿನವೂ ಏಳುತ್ತಿತ್ತು. ಅವರ ಹಿತ್ತಿಲಿನ ಮೂಲೆಯಲ್ಲಿ ಬೂದಿಯ ರಾಶಿ ನಮ್ಮ ಜಗಲಿಗೆ ಕಾಣುತ್ತಿತ್ತು.

ಜನವರಿ ಮೊದಲ ವಾರ ಒಂದು ಬೆಳಿಗ್ಗೆ, ಆರು ಗಂಟೆಯ ಸುಮಾರಿಗೆ, ಮಾಮಿ ತಡಮೆಯ ತನಕ ಬಂದದ್ದನ್ನು ನಾನು ಕಿಟಕಿಯಿಂದ ನೋಡಿದೆ. ನಾಲ್ಕು ಬಳ್ಳಿಗಳನ್ನು ನೋಡುತ್ತ ನಿಂತರು. ಬಲಗೈ ಮುಷ್ಟಿಯಾಗಿತ್ತು. ಸ್ವಲ್ಪ ಹೊತ್ತಿನ ಬಳಿಕ ತಿರುಗಿ ಹೋಗಿ, ಮುಷ್ಟಿಯಲ್ಲಿದ್ದದ್ದನ್ನು ತಮ್ಮ ತೆಂಗಿನ ಮರದ ಬುಡಕ್ಕೆ ಹಾಕಿ, ಕೈ ಕೊಡವಿಕೊಂಡರು. ನಾನು ಅಮ್ಮನಿಗೆ ಹೇಳಿದೆ. ಅವರು ಗಂಜಿ ತಿಳಿ ಸೋಸುತ್ತಿದ್ದರು. ಸೋಸುವುದನ್ನು ನಿಲ್ಲಿಸಲಿಲ್ಲ.

“ಇನ್ನು ಹತ್ತು ದಿನ,” ಎಂದರು.

ನಾಲ್ಕರಲ್ಲಿ ಎರಡು ಬಳ್ಳಿ ಉಳಿದವು. ರಂಜಾನ್ ಹಬ್ಬ ಕಳೆದ ಮೂರನೆಯ ದಿನ ಅಮ್ಮ ಹನ್ನೊಂದು ಕೋಡು ಕೊಯ್ದು, ಸ್ಟೀಲಿನ ಡಬ್ಬಿಯಲ್ಲಿ ಸುತ್ತಿಟ್ಟು, ಹೊಸ ಸೀರೆ ಉಟ್ಟು, ಹುಲ್ಲು ಸರಿಸಿ ತಡಮೆ ದಾಟಿದರು. ಹರಕೆಯ ವರ್ಷ ಮುಗಿದು ಒಂದು ವಾರವಾಗಿತ್ತು. ಕಾಲು ಗಂಟೆಯಲ್ಲಿ ಹಿಂದೆ ಬಂದರು.

ನಡೆದದ್ದನ್ನು ಅವರು ಒಂದೇ ಬಾರಿ ಹೇಳಿದರು. ಮಾಮಿ ಅವರನ್ನು ಹಿತ್ತಿಲ ಬಾಗಿಲಿನಿಂದ ಸುತ್ತು ಬರಿಸಿ, ಎದುರಿನ ಕೋಣೆಯಲ್ಲಿ ಸೋಫಾದಲ್ಲಿ ಕೂರಿಸಿ, ಫ್ಯಾನ್ ಹಾಕಿದರು. ಇಪ್ಪತ್ತೆರಡು ವರ್ಷದಲ್ಲಿ ಅಮ್ಮ ಆ ಕೋಣೆಯಲ್ಲಿ ಕೂತದ್ದಿಲ್ಲ. ಅವರ ಜಾಗ ಅಡುಗೆಮನೆಯ ಮೆಟ್ಟಿಲು. ಟ್ರೇಯಲ್ಲಿ ಚಾ ಬಂತು, ಬೇಕರಿ ಬಿಸ್ಕತ್ತು ಬಂತು. ಅಮ್ಮ ಡಬ್ಬಿ ಕೊಟ್ಟು, “ಅದು ಹೋದ ವರ್ಷದ್ದು, ಮಾರಾಯ್ತಿ...” ಎಂದು ಆರಂಭಿಸಿದರು.

“ಅದೆಲ್ಲ ಮರೆತಾಯ್ತು ಅಕ್ಕ. ಚಾ ಆರ್ತದೆ, ಕುಡಿಯಿರಿ.”

“ಅಲ್ಲ, ನಾನು ಒಂದು ಮಾತು...”

“ಬೇಡ ಅಕ್ಕ. ಮಗ ಮೂಡುಬಿದಿರೆಯಲ್ಲಿ ಮನೆ ಮಾಡಿದ್ದಾನೆ. ಮಕ್ಕಳ ಶಾಲೆಗೆ ಒಳ್ಳೆಯದಂತೆ. ಮುಂದಿನ ತಿಂಗಳು ನಾವು ಹೋಗ್ತೇವೆ. ನಿಮ್ಮ ಆರೋಗ್ಯ ಹುಷಾರಾ?”

ಡಬ್ಬಿಯನ್ನು ತೊಳೆದು, ಒರೆಸಿ, ಸೌದಿಯ ಖರ್ಜೂರ ತುಂಬಿಸಿ ಕೊಟ್ಟರು. ಅಮ್ಮ ಅದನ್ನು ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಮುಚ್ಚಳ ತೆಗೆದು ನೋಡಿ, ಮುಚ್ಚಿದರು. ಖರ್ಜೂರವನ್ನು ನಾನು ತಿಂದೆ. ಅವರು ಮುಟ್ಟಲಿಲ್ಲ.

ಫೆಬ್ರವರಿಯಲ್ಲಿ ಮಾಮಿಯ ಮನೆ ಖಾಲಿಯಾಯಿತು. ಆ ಜಾಗ ಕೊಂಡವರು ತಡಮೆ ಇದ್ದಲ್ಲಿ ಕೆಂಪುಕಲ್ಲಿನ ಪಾಗಾರ ಕಟ್ಟಿದರು.

ಆಮೇಲೆ ಪ್ರತಿ ಜನವರಿಯಲ್ಲಿ ಮೊದಲ ಕೊಯ್ಲು ಬಸ್ಸಿನಲ್ಲಿ ಹೋಯಿತು. ನಮ್ಮ ಕಡೆ ಸಣ್ಣ ಕಟ್ಟುಗಳನ್ನು ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸುವ ರೂಢಿ ಇದೆ. ಮೂಡುಬಿದಿರೆ ಬಸ್ ನಿಲ್ದಾಣದ ಬಳಿ ಮಾಮಿಯ ಸಂಬಂಧಿಕರ ಚಪ್ಪಲಿ ಅಂಗಡಿ ಇತ್ತು. ಕಂಡಕ್ಟರ್ ಡಬ್ಬಿಯನ್ನು ಅಲ್ಲಿ ಇಳಿಸುತ್ತಿದ್ದ. ನಾಲ್ಕೈದು ದಿನದಲ್ಲಿ ಅದೇ ಬಸ್ಸಿನಲ್ಲಿ ಡಬ್ಬಿ ಹಿಂದೆ ಬರುತ್ತಿತ್ತು. ಖರ್ಜೂರ, ಬಾದಾಮಿ, ಒಂದು ವರ್ಷ ಹಲ್ವ. ಒಮ್ಮೆಯೂ ಖಾಲಿ ಬರಲಿಲ್ಲ. ಚೀಟಿ ಇರಲಿಲ್ಲ. ಅಮ್ಮನಿಗೂ ಚೀಟಿ ಬರೆದು ಅಭ್ಯಾಸವಿರಲಿಲ್ಲ. “ನಾನು ಬರೆದು ಕೊಡ್ಲಾ?” ಎಂದು ಎರಡು ಬಾ‌ರಿ ಕೇಳಿದ್ದೆ. “ಕೂತು ಹೇಳುವ ಮಾತು ಅದು,” ಎಂದಿದ್ದರು. ಮೂಡುಬಿದಿರೆಗೆ ಹೋಗುವ ಎಂದು ಎರಡು ಬಾರಿ ಹೊರಟು ಎರಡು ಬಾರಿಯೂ ಕೂತುಬಿಟ್ಟರು. ಮತ್ತೆ ಸೋಫಾದಲ್ಲಿ ಕೂರಿಸಿದರೆ ಎಂಬ ಹೆದರಿಕೆ ಅವರಿಗಿತ್ತು ಎಂದು ನನಗೆ ಅನಿಸುತ್ತದೆ. ಅವರು ಹಾಗೆ ಹೇಳಿಲ್ಲ.

2002ರ ಜನವರಿಯಲ್ಲಿ ನಾನು ಬೆಳ್ತಂಗಡಿಯಲ್ಲಿ ಕೆಲಸ ಮುಗಿಸಿ ಮಾವನ ಮನೆಗೆ ಹೋದೆ. ಬೆಳಗಿನ ಹೊತ್ತು. ಮಾವ ತಮ್ಮ ಅಲಸಂಡೆಗೆ ಗೆರಸೆಯಿಂದ ಬೂದಿ ಉದುರಿಸುತ್ತಿದ್ದರು. ನನ್ನನ್ನು ನೋಡಿ ಗೆರಸೆಯನ್ನು ಕೆಳಗಿಟ್ಟರು.

“ಇಬ್ಬನಿ ಇರುವಾಗಲೇ ಹಾಕ್ಬೇಕು,” ಎಂದರು.

“ಗೊತ್ತುಂಟು ಮಾವ,” ಎಂದೆ.

2005ರ ಡಿಸೆಂಬರಿನಲ್ಲಿ ಅಮ್ಮ ಆಸ್ಪತ್ರೆಗೆ ಸೇರಿದರು. ಈ ಬಾರಿ ಹೃದಯ. ಹನ್ನೆರಡು ದಿನ ಮಡಿಯನ್ನು ಯಾರೂ ನೋಡಲಿಲ್ಲ. ಹದಿಮೂರನೆಯ ದಿನ ಅವರು ತೀರಿಕೊಂಡರು. ಸುದ್ದಿಯನ್ನು ನಾನು ಚಪ್ಪಲಿ ಅಂಗಡಿಗೆ ಫೋನ್ ಮಾಡಿ ತಿಳಿಸಿದೆ.

ಮಾಮಿ ಮರುದಿನ ಬೆಳಿಗ್ಗೆ ಒಬ್ಬರೇ ಬಂದರು. ಮೂಡುಬಿದಿರೆಯಿಂದ ಮೊದಲ ಬಸ್ಸು ಹಿಡಿದಿದ್ದರು. ಮಂಡಿನೋವಿನಿಂದ ಬೆತ್ತ ಹಿಡಿದಿದ್ದರು. ಎದುರಿನ ಬಾಗಿಲಿಗೆ ಬರಲಿಲ್ಲ. ಅಂಗಳ ಸುತ್ತಿ ಹೋಗಿ ಅಡುಗೆಮನೆಯ ಮೆಟ್ಟಿಲಿನ ಮೇಲೆ ಕೂತರು. ಮಾವ ಒಳಗಿದ್ದರು. ಮಾಮಿಯನ್ನು ಕಂಡು ಬಾಗಿಲಿನ ತನಕ ಬಂದು ನಿಂತರು. ನಾನು ಮಾಮಿಯ ಪಕ್ಕ ಕೂತು, ಎಂಟು ವರ್ಷದಿಂದ ಹೇಳಬೇಕಾಗಿದ್ದದ್ದನ್ನು ಹೇಳಿದೆ. ಪ್ರಶ್ನೆ, ಹರಕೆ, ಒಂದು ವರ್ಷದ ನಿಯಮ, ಏಳು ಬೀಜ, ಗಂಜಿ ತಿಳಿ, ಹನ್ನೊಂದು ಕೋಡು.

ಮಾಮಿ ಪೂರ್ತಿ ಕೇಳಿದರು.

“ಅಕ್ಕ ನಂಬಲಿಲ್ವಾ ಅದನ್ನು?”

“ಒಂದು ದಿನವೂ ಇಲ್ಲ ಮಾಮಿ.”

“ಒಂದು ವರ್ಷ ಅಂತ ಯಾರಾದರೂ ಒಂದು ಮಾತು ಹೇಳಿದ್ದರೆ ನಾನು ಕಾಯ್ತಿದ್ದೆನಲ್ಲ. ಒಂದು ವರ್ಷ ಎಂತದು? ಹತ್ತು ವರ್ಷ ಕಾಯ್ತಿದ್ದೆ.”

ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಮಡಿಯ ಕಡೆ ನೋಡಿದರು. ಬಳ್ಳಿಗಳ ಕುಡಿಯೆಲ್ಲ ಕಪ್ಪಾಗಿತ್ತು.

“ಬೂದಿ ಉಂಟಾ?”

“ಬಚ್ಚಲಿನದ್ದು ಉಂಟು. ಒರಟು.”

“ತಾ.”

ನಾನು ತಂದುಕೊಟ್ಟೆ. ಅವರು ಅದನ್ನು ತಲೆಬಟ್ಟೆಯ ತುದಿಯಲ್ಲಿ ಸೋಸಿದರು. ಮಾವ ಮೆಟ್ಟಿಲಿಳಿದು ಬಂದು ಬೂದಿಯ ಬುಟ್ಟಿ ಹಿಡಿದುಕೊಂಡರು. ಮಾಮಿ ಬೇಡ ಎನ್ನಲಿಲ್ಲ. ಇಬ್ಬರೂ ಮೊದಲ ಕೋಲಿನಿಂದ ಕೊನೆಯ ಕೋಲಿನವರೆಗೆ ಹೋದರು. ಆಗ ಗಂಟೆ ಒಂಬತ್ತು. ಇಬ್ಬನಿ ಆರಿತ್ತು. ಬೂದಿ ಎಲೆಯ ಮೇಲೆ ನಿಲ್ಲದೆ ನೆಲಕ್ಕೆ ಬಿತ್ತು.

ಮರುದಿನದಿಂದ ಮೂರು ಬೆಳಿಗ್ಗೆ ಆರು ಗಂಟೆಗೆ ನಾನು ಹಾಕಿದೆ. ಆ ವರ್ಷ ಬೀಜಕ್ಕೆ ಸಿಕ್ಕಿದ್ದು ಮೂರು ಕೋಡು. 2006ರ ಫೆಬ್ರವರಿ ಕೊನೆಯ ವಾರ ಅವುಗಳಲ್ಲಿ ಎರಡನ್ನು ಸ್ಟೀಲಿನ ಡಬ್ಬಿಯಲ್ಲಿಟ್ಟು ಮೂಡುಬಿದಿರೆಯ ಬಸ್ಸಿಗೆ ಕೊಟ್ಟೆ. ಡಬ್ಬಿಯನ್ನು ಚಪ್ಪಲಿ ಅಂಗಡಿಯಲ್ಲಿ ಇಳಿಸಿದ್ದಾಗಿ ಕಂಡಕ್ಟರ್ ಹೇಳಿದ. ಬೀಜ ಕೊಟ್ಟವರಿಗೆ ಮೊದಲ ಕೊಯ್ಲು ಬರಬೇಕು. ಡಬ್ಬಿ ಇನ್ನೂ ಹಿಂದೆ ಬಂದಿಲ್ಲ.